ಎಂಟು ತಂತಿ, ಒಂಬತ್ತು ಜನ

ಬಸವಾಪಟ್ಟಣದ ಮ್ಯಾಂಡೋಲಿನ್ ತಂಡದಲ್ಲಿ ಒಂಬತ್ತು ಜನರಿದ್ದರು. ಮದುವೆ, ಗಣಪತಿ ಹಬ್ಬ ಅಂತ ನಲವತ್ತು ವರ್ಷ ಚನ್ನಗಿರಿಯಿಂದ ಜಗಳೂರಿನವರೆಗೆ ನುಡಿಸಿದವರು. ಅವರದೊಂದು ಕಟ್ಟಳೆಯಿತ್ತು. ಯಾರೇ ಸತ್ತರೂ ಅವರ ಮ್ಯಾಂಡೋಲಿನ್ನಿನ ಒಂದು ತಂತಿ ಬಿಚ್ಚಿ, ತಂಡದ ಕಿರಿಯ ತನ್ನದಕ್ಕೆ ಹಾಕಿಕೊಳ್ಳಬೇಕು. ಕಿರಿಯ ಅಂದರೆ ಸಣ್ಣಪ್ಪ. ಅವನಿಗೀಗ ಎಪ್ಪತ್ತು. ಅವನ ಎಂಟು ತಂತಿಗಳಲ್ಲಿ ಏಳು ಹಾಗೆ ಬಂದವು. ತುಕ್ಕು ಹಿಡಿದರೂ ಒಂದನ್ನೂ ಬದಲಿಸಿರಲಿಲ್ಲ.

ತಂಡದಲ್ಲಿ ತನ್ನ ಜೊತೆ ಉಳಿದಿದ್ದ ಮುರುಗೇಶಪ್ಪನನ್ನು ಮಣ್ಣು ಮಾಡಿದ ಮೂರನೇ ದಿನ ಸಣ್ಣಪ್ಪ ಗೋವಿನಕೋವಿಯ ಅವನ ಮನೆಗೆ ಹೋದ. ಮುರುಗೇಶಪ್ಪನ ಹೆಂಡತಿ ಸರ್ವಮಂಗಳಮ್ಮ ಗಂಡನ ಮ್ಯಾಂಡೋಲಿನ್ ತಂದು ಮುಂದಿಟ್ಟರು.

"ಬಿಚ್ಕಳ್ರಿ ಅಣ್ಣಾ."

"ಎಂಟು ಜನಾನೂ ನನ್ನ ಕೊರಳಿಗೇ ಗಂಟು ಬಿದ್ರಲ್ಲೋ!" ಸತ್ತವನನ್ನೇ ಬೈಯುತ್ತ ಸಣ್ಣಪ್ಪ ತೆಳ್ಳನೆಯ ತಂತಿಯೊಂದನ್ನು ಬಿಚ್ಚಿದ. ಅದನ್ನು ಹಾಕಲು ಜಾಗ ಬೇಕಲ್ಲ, ತನ್ನದೆಂದು ಉಳಿದಿದ್ದ ಒಂದೇ ತಂತಿಯನ್ನು ತೆಗೆದ.

ಶ್ರುತಿ ಮಾಡಿ ಮೀಟಿದ. ಆ ನಾದದಲ್ಲಿ ಎಂಟೂ ಜನ ಬಂದಿದ್ದರು. ತಾನೊಬ್ಬನೇ ಇರಲಿಲ್ಲ.

ತೆಗೆದ ತಂತಿಯನ್ನು ಉಂಗುರದಂತೆ ಸುತ್ತಿ ಸರ್ವಮಂಗಳಮ್ಮನ ಕೈಗಿಟ್ಟ.

"ಇದು ನನ್ನದು, ಈಗಲೇ ಇಟ್ಕಳ್ರಿ ತಾಯಿ. ನಾನು ಹೋದ ದಿನ ಬಂದು ಬಿಚ್ಕಳಾಕೆ ಯಾರದಾರೆ?"