ಡ್ಯಾನ್ಯೂಬ್ ನದಿಗೆ ಏನು ಉಡುವುದು

ಪರ್ತ್‌ನ ಕನ್ನಡಿಗರಲ್ಲಿ ಕನಕಳನ್ನು ಸೀರೆಯ ಹೊರತು ಬೇರೆ ಉಡುಪಿನಲ್ಲಿ ಕಂಡವರೇ ಇರಲಿಲ್ಲ. ಕಾದ ಹೆಂಚಿನಂಥ ಜನವರಿಯಲ್ಲೂ ಸೀರೆ, ಸಮುದ್ರ ತೀರದ ಬಾರ್ಬೆಕ್ಯೂ ಊಟಕ್ಕೂ ಸೀರೆ, ವೆಲ್ಷ್‌ಪೂಲಿನ ಉಗ್ರಾಣವೊಂದರ ಕಚೇರಿಗೆ ಸಂಬಳದ ಲೆಕ್ಕ ನೋಡಲು ಹೋಗುವಾಗಲೂ ಸೀರೆ. ಹೋದ ವರ್ಷದ ರಾಜ್ಯೋತ್ಸವದಲ್ಲಿ ಸಂಘದ ಅಧ್ಯಕ್ಷ ಬಸವಂತಪ್ಪನವರು ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಮೈಕು ಹಿಡಿದು, "ನಮ್ಮ ಹೆಣ್ಮಕ್ಕಳು ವಿಮಾನ ಇಳಿಯೋ ಮೊದಲೇ ಜೀನ್ಸಿಗೆ ಇಳಿದುಬಿಡ್ತಾರೆ. ಕನಕಮ್ಮನವರು ಮಾತ್ರ ಇಲ್ಲಿಗೆ ಬಂದು ಇಷ್ಟು ವರ್ಷ ಆದರೂ ಸಂಸ್ಕೃತಿಯ ಸೆರಗು ಬಿಟ್ಟಿಲ್ಲ" ಎಂದಿದ್ದರು. ಜನ ಚಪ್ಪಾಳೆ ತಟ್ಟಿದರು. ಕನಕ ಕೈಮುಗಿದು ತಲೆ ತಗ್ಗಿಸಿ ನಿಂತಿದ್ದಳು. ಎಷ್ಟು ವಿನಯ ನೋಡಿ ಎಂದು ಅದನ್ನೂ ಮೆಚ್ಚಿಕೊಂಡರು.

ಅದು ವಿನಯವಾಗಿರಲಿಲ್ಲ, ಮುಜುಗರ. ಎರಡು ವರ್ಷದ ಕೂಸಾಗಿದ್ದಾಗ ಬಂದ ಪೋಲಿಯೊ ಅವಳ ಎಡಗಾಲನ್ನು ಬೆಳೆಯಲು ಬಿಟ್ಟಿರಲಿಲ್ಲ. ಮೀನಖಂಡ ಮಗುವಿನದರಷ್ಟೇ ತೆಳ್ಳಗೆ ಉಳಿದಿತ್ತು. ಬಲಗಾಲಿಗೆ ಸರಿದೂಗಲೆಂದು ಎಡಗಾಲಿಗೆ ಇಟ್ಟಿಗೆ ದಪ್ಪದ ಅಟ್ಟೆಯ ಕಪ್ಪು ಬೂಟು. ಮೈಸೂರಿನಲ್ಲಿ ಓರಗೆಯ ಹುಡುಗಿಯರೆಲ್ಲ ಇನ್ನೂ ಲಂಗದಲ್ಲಿದ್ದಾಗಲೇ ಅಮ್ಮ ಇಂದಿರಮ್ಮ ಅವಳಿಗೆ ಸೀರೆ ಉಡಿಸಿದ್ದರು. "ಸೀರೆ ಉಟ್ಟರೆ ಯಾರಿಗೂ ಗೊತ್ತಾಗಲ್ಲ ಪುಟ್ಟಿ" ಎಂದು ಮೊಣಕಾಲೂರಿ ಕೂತು, ನೆರಿಗೆಯನ್ನು ಕೆಳಕ್ಕೆ ಎಳೆದೆಳೆದು ಬೂಟು ಮುಚ್ಚಿಸಿದ್ದರು. ಅಂದಿನಿಂದ ಕನಕಳ ಸೀರೆ ನೆಲ ಸವರುತ್ತಲೇ ಬಂದಿತ್ತು. ನಡೆಯುವಾಗ ಸ್ವಲ್ಪ ಎಳೆಯುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಏಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅವಳೂ ಹೇಳುತ್ತಿರಲಿಲ್ಲ. ಗಂಡ ಅರವಿಂದ ಸಹ, ಅವಳೊಡನೆ ಇಷ್ಟು ವರ್ಷ ಬಾಳಿದ ಮೇಲೂ, ಆ ಕಾಲಿನ ಬಗ್ಗೆ ಬಾಯಿ ಬಿಟ್ಟು ಮಾತಾಡಿದವನಲ್ಲ.

ಹೀಗಿರುವಾಗ ಬ್ರಿಸ್ಬೇನಿನಿಂದ ನಾದಿನಿ ದೇವಕಿ ಫೋನು ಮಾಡಿದಳು. ಅವಳು ಇಪ್ಸ್‌ವಿಚ್ಚಿನ ಆಸ್ಪತ್ರೆಯಲ್ಲಿ ನರ್ಸು. ಮಾತು ನೇರ, ನಗು ಜೋರು.

"ಅತ್ತಿಗೆ, ನಂಗೆ ಐವತ್ತಾಗ್ತಾ ಇದೆ. ಅಣ್ಣನ ಮನೇಲಿ ಪಾಯಸ ಕುಡಿದು ಕೂರೋಕೆ ನನ್ನಿಂದ ಆಗಲ್ಲ. ಡ್ಯಾನ್ಯೂಬ್ ನದೀಲಿ ಹಡಗಿನ ಪ್ರವಾಸ ಬುಕ್ ಮಾಡ್ತಿದೀನಿ. ನಾನು, ನೀವು, ನಿಮ್ಮ ಮಗಳು ಗಗನಾ. ಗಂಡಸರು ಬೇಡ."

"ಅಯ್ಯೋ, ಎಲ್ಲೆಲ್ಲಿ ನಡೀಬೇಕೋ ಏನೋ ಕಣೇ. ನೀವಿಬ್ಬರೂ ಹೋಗಿ ಬನ್ನಿ."

"ಅದಕ್ಕೇ ನದಿ ಆರಿಸಿದ್ದು! ಹಡಗು ಊರ ನಡುವೇನೇ ನಿಲ್ಲತ್ತಂತೆ. ನೀವು ಊರಿಗೆ ಹೋಗಬೇಕಾಗಿಲ್ಲ, ಊರೇ ನಿಮ್ಮ ಹತ್ರ ಬರತ್ತೆ. ಇಳಿದರಾಯ್ತು."

ಆ ಮಾತು ಕನಕಳ ಎದೆಗೆ ತಾಕಿತು. ಇದುವರೆಗೆ ಹೋದ ಪ್ರವಾಸಗಳಲ್ಲೆಲ್ಲ ಅವಳು ಕಂಡದ್ದು ಮೆಟ್ಟಿಲ ಬುಡದ ಬೆಂಚುಗಳನ್ನು. ಉಳಿದವರು ಮೇಲೆ ಹೋಗಿ ಬರುವವರೆಗೆ ಅಲ್ಲಿ ಕೂತು, ಅವರು ಇಳಿದು ಬಂದಾಗ ಫೋಟೊ ನೋಡಿ ಚೆನ್ನಾಗಿದೆ ಎನ್ನುತ್ತಿದ್ದಳು. ಒಮ್ಮೆಯಾದರೂ ಪರವೂರಿನ ಬೀದಿಯೊಂದನ್ನು ತನ್ನದೇ ಕಾಲಲ್ಲಿ ಸುತ್ತಿ, ಯಾವುದಾದರೂ ಅಂಗಡಿಯ ಮುಂದೆ ಸುಮ್ಮನೆ ನಿಂತು ಬರಬೇಕೆಂಬ ಆಸೆ ಅವಳಿಗಿತ್ತು. ಎಷ್ಟು ಚಿಕ್ಕ ಆಸೆಯೆಂದರೆ, ಹೇಳಿಕೊಳ್ಳಲೂ ನಾಚಿಕೆ.

ಬರುತ್ತೇನೆ ಎಂದುಬಿಟ್ಟಳು.

ಕೆಲವು ದಿನಗಳಲ್ಲಿ ಹಡಗಿನವರಿಂದ ಏನು ಧರಿಸಬೇಕೆಂಬ ಸಲಹೆ ಬಂತು. ದಡಕ್ಕೂ ಹಡಗಿಗೂ ನಡುವೆ ಇಕ್ಕಟ್ಟಾದ ಹಲಗೆಯ ಸೇತುವೆ, ಹಳೆಯ ಊರುಗಳ ಬೀದಿಗಳಲ್ಲಿ ಗುಂಡುಕಲ್ಲಿನ ಹಾಸು. ಗಟ್ಟಿ ಬೂಟು, ಪ್ಯಾಂಟು, ಚಳಿಗೆ ತಕ್ಕಂತೆ ಒಂದರ ಮೇಲೊಂದು ಹಾಕಿಕೊಳ್ಳುವಂಥ ತೆಳು ಬಟ್ಟೆ ತನ್ನಿ. ನೆಲ ಸವರುವಂಥದ್ದು ಬೇಡ.

"ನಾನು ಸೀರೇನೇ ಉಡೋದು" ಎಂದಳು ಕನಕ.

"ಹಾಗಾದ್ರೆ ಒಂದ್ಸಲ ನಮ್ಮೂರಿಗೆ ಬನ್ನಿ" ಎಂದಳು ದೇವಕಿ. "ನಮ್ಮಲ್ಲೂ ನದಿ ಇದೆ, ದೋಣಿ ಇದೆ. ಸೀರೇಲಿ ಹತ್ತಿ ಇಳಿದು ತೋರಿಸಿ. ಆಮೇಲೆ ನಾನು ತುಟಿ ಪಿಟಕ್ ಅನ್ನಲ್ಲ."

ಹೀಗೆ ಒಂದು ಶನಿವಾರ ಬೆಳಿಗ್ಗೆ ಅತ್ತಿಗೆ ನಾದಿನಿಯರು ಕ್ಯಾಲಮ್‌ವೇಲಿನ ದೇವಕಿಯ ಮನೆಯಿಂದ ಹೊರಟು ಬ್ರಿಸ್ಬೇನ್ ನದಿಯ ದಂಡೆಗೆ ಬಂದರು. ಕನಕ ಹಗುರವಾದ ಮೈಸೂರು ಕ್ರೇಪ್ ಉಟ್ಟಿದ್ದಳು. ಇಳಿತದ ಹೊತ್ತು, ನೀರು ತಗ್ಗಿ, ತೇಲುವ ದೋಣಿಕಟ್ಟೆಗೆ ಇಳಿಯುವ ದಾರಿ ಜಾರುಬಂಡೆಯಂತೆ ಇಳಿಜಾರಾಗಿತ್ತು. ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ಕಂಬಿ. ನಡುದಾರಿಯಲ್ಲಿ ಗಾಳಿ ಬೀಸಿತು. ಸೆರಗು ಹಾರಿತು. ಅದನ್ನು ಹಿಡಿಯಲು ಕಂಬಿ ಬಿಟ್ಟಳು. ಸೀರೆಯ ಅಂಚು ಬೂಟಿನಡಿ ಸಿಕ್ಕಿತು.

ಪೆಟ್ಟೇನೂ ಹೆಚ್ಚಾಗಲಿಲ್ಲ. ಬಿದ್ದವಳು ಹಾಗೇ ಒಂದು ಮಾರು ಜಾರಿ ಕೂತಳು, ಅಷ್ಟೆ. ಆದರೆ ಸೀರೆ ಮೊಣಕಾಲವರೆಗೆ ಮೇಲೆ ಸರಿದಿತ್ತು. ಹಿಂದೆ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಓಡಿ ಬಂದು, ದೇವಕಿಯ ಕನ್ನಡ ಕೇಳಿ, "ಆಂಟಿ, ನೋವಾಯ್ತಾ? ನಾನು ದಾವಣಗೆರೆಯವಳು, ಹಿಡ್ಕೊಳ್ಳಿ ಆಂಟಿ" ಎಂದು ಬಗ್ಗಿದಳು. ಬಗ್ಗಿದವಳ ಕಣ್ಣು ಬೂಟಿನ ಮೇಲೆ, ಅದರ ಮೇಲಿನ ಕಡ್ಡಿಯಂಥ ಕಾಲಿನ ಮೇಲೆ ಬಿತ್ತು. ತಟ್ಟನೆ ಮುಖ ತಿರುಗಿಸಿ ನದಿ ನೋಡಿದಳು. ಒಳ್ಳೆಯ ಹುಡುಗಿ. ಆ ಒಳ್ಳೆಯತನವೇ ಕನಕಳನ್ನು ಬಿದ್ದದ್ದಕ್ಕಿಂತ ಹೆಚ್ಚು ನೋಯಿಸಿತು.

ದೋಣಿ ಹೊರಟುಹೋಯಿತು. ಇಬ್ಬರೂ ದಡದಲ್ಲೇ ಉಳಿದರು.

"ಟಿಕೆಟ್ ಕ್ಯಾನ್ಸಲ್ ಮಾಡಿಸು" ಎಂದಳು ಕನಕ. "ಈ ಕಾಲು ಇಟ್ಕೊಂಡು ನಂಗ್ಯಾಕೆ ಬೇಕಿತ್ತು ಇದೆಲ್ಲ."

ದೇವಕಿ ಅತ್ತಿಗೆಯ ಪಾದದ ಕೀಲನ್ನು ಒತ್ತಿ, ತಿರುಗಿಸಿ ನೋಡುತ್ತಿದ್ದಳು. ತಲೆ ಎತ್ತಲಿಲ್ಲ. "ಅತ್ತಿಗೆ, ದಿನಾ ಎಷ್ಟೋ ಕಾಲು ನೋಡ್ತೀನಿ ನಾನು. ಇದು ಗಟ್ಟಿ ಕಾಲು. ನಿಮ್ಮನ್ನ ಬೀಳಿಸಿದ್ದು ಇದಲ್ಲ, ಸೀರೆ."

"ನಿಂಗೆ ಹೇಳೋದು ಸುಲಭ."

"ಸುಲಭಾನೇ. ನಿಜ ಹೇಳೋಕೆ ಕಷ್ಟ ಏನಿದೆ?"

ಕನಕ ಸಂಜೆಯವರೆಗೂ ಅವಳೊಂದಿಗೆ ಮಾತಾಡಲಿಲ್ಲ. ಮರುದಿನ ವಿಮಾನ ಹತ್ತುವಾಗಲೂ "ಬರ್ತೀನಿ" ಎಂದಷ್ಟೇ ಹೇಳಿದಳು.

ಪರ್ತ್‌ನಲ್ಲಿ ಅರವಿಂದ ಎಲ್ಲವನ್ನೂ ಕೇಳಿ ಸಮಾಧಾನದ ಉಸಿರು ಬಿಟ್ಟ. ಜೀವಮಾನವಿಡೀ ಗಣಿಗಳಲ್ಲಿ ಕಲ್ಲು ಪರೀಕ್ಷಿಸಿದ ಮನುಷ್ಯ. ಮಾತು ಕಮ್ಮಿ, ಪ್ರೀತಿ ಇದ್ದವನು. "ಒಳ್ಳೇದಾಯ್ತು ಬಿಡು. ನಿಂಗೆ ಅದೆಲ್ಲ ಯಾಕೆ? ಮನೇಲಿ ಆರಾಮಾಗಿರು."

"ಪ್ಯಾಂಟು ಹಾಕ್ಕೊಂಡು ಹೋದ್ರೆ ಹೇಗೆ ಅಂತ ಒಂದ್ಸಲ ಅನ್ನಿಸ್ತು ಕಣ್ರೀ."

"ಪ್ಯಾಂಟಾ?" ಅರವಿಂದ ಪತ್ರಿಕೆ ಕೆಳಗಿಟ್ಟ. "ಬೂಟೆಲ್ಲ ಕಾಣತ್ತಲ್ಲೇ. ಜನ ನೋಡ್ತಾರೆ. ಸಂಘದವರು ಬೇರೆ ಹೋದ ವರ್ಷ ತಾನೆ ಶಾಲು ಹೊದಿಸಿದ್ದಾರೆ."

"ಶಾಲು ವಾಪಸ್ ಕೊಟ್ಬಿಡೋಣ."

ಅವನು ತಮಾಷೆಯೆಂದು ನಕ್ಕ. ಕನಕಳಿಗೆ ನಗು ಬರಲಿಲ್ಲ. ಹೊರಗೆ ಹೋದಾಗಲೆಲ್ಲ ಅರವಿಂದ ತನ್ನ ಎಡಗಡೆಗೇ ಬಂದು, ಮೈಗೆ ಮೈ ತಾಕುವಂತೆ ನಡೆಯುತ್ತಾನೆಂಬುದು ಅವಳಿಗೆ ಹೊಸದಾಗಿ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಅದನ್ನು ಪ್ರೀತಿಯೆಂದುಕೊಂಡು ಹಿಗ್ಗಿದ್ದಳು. ಪ್ರೀತಿಯೇ, ಸುಳ್ಳಲ್ಲ. ಆದರೆ ಅದೂ ಒಂದು ಪರದೆಯೇ. ಅಮ್ಮ ನೆರಿಗೆ ಇಳಿಬಿಟ್ಟರು, ಗಂಡ ಪಕ್ಕಕ್ಕೆ ನಿಂತ, ಸಂಘದವರು ಶಾಲು ಹೊದಿಸಿದರು, ದಾವಣಗೆರೆಯ ಹುಡುಗಿ ನದಿ ನೋಡಿದಳು. ಎಲ್ಲರೂ ಅವಳ ಒಳ್ಳೆಯದಕ್ಕೇ ಮಾಡಿದವರು. ಇವರೆಲ್ಲ ಸೇರಿ ಇಷ್ಟು ಜೋಪಾನವಾಗಿ ಮುಚ್ಚಿಡುವಂಥದ್ದು ಏನಿದೆ ಅಲ್ಲಿ? ಒಂದು ಕಾಲು. ಅದೇನು ಕದ್ದು ತಂದ ಮಾಲೇ?

ಮರುವಾರ ಅವಳು ಬೂಟು ಮಾಡಿಕೊಡುವವನ ಅಂಗಡಿಗೆ ಹೋದಳು. ಹಳೆಯ ಬೂಟಿನ ಅಟ್ಟೆ ಸವೆದಿತ್ತು, ಹೇಗೂ ಹೊಸದು ಬೇಕಿತ್ತು. ಅವನು ಅಳತೆ ನೋಡಿ, ಎಂದಿನಂತೆ ಕಪ್ಪು ಚರ್ಮದ ತುಂಡನ್ನು ಎಳೆದುಕೊಂಡ.

"ಕೆಂಪು ಇದೆಯಾ?" ಎಂದಳು ಕನಕ.

ತನ್ನ ದನಿ ತನಗೇ ಪರಿಚಯವಾಗಲಿಲ್ಲ. ಅವನು ಕಪಾಟು ತೆರೆದು ಒಂದೊಂದೇ ತುಂಡು ತೆಗೆದು ಮೇಜಿನ ಮೇಲೆ ಹರಡಿದ. ಇಟ್ಟಿಗೆ ಕೆಂಪು, ದಾಳಿಂಬೆ ಕೆಂಪು, ಬ್ಯಾಡಗಿ ಮೆಣಸಿನಕಾಯಿಯ ಕೆಂಪು. ಸೀರೆ ಅಂಗಡಿಯಲ್ಲಿ ಕೂತಷ್ಟೇ ನಿಧಾನವಾಗಿ ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ, ಮೆಣಸಿನಕಾಯಿಯದನ್ನು ಆರಿಸಿದಳು.

ಬೂಟು ಸಿದ್ಧವಾಗಿ ಬಂದ ಮೇಲೆ ಡಬ್ಬಿ ತೆರೆದು ನೋಡುವುದು, ಮುಚ್ಚಿಡುವುದು, ಇದೇ ನಡೆಯಿತು. ಪರ್ತ್‌ನಲ್ಲಿ ಹಾಕಿಕೊಳ್ಳುವ ಧೈರ್ಯ ಬರಲಿಲ್ಲ. ಕೊನೆಗೆ ಡಬ್ಬಿಯನ್ನು ಸೂಟ್‌ಕೇಸಿಗೆ ತುರುಕಿ, ಮಗಳನ್ನು ನೋಡಿ ಬರುತ್ತೇನೆಂದು ಅಡಿಲೇಡಿಗೆ ಹೊರಟಳು. ಗಗನಾ ಅಲ್ಲಿ ಓದುತ್ತಿದ್ದಳು. ಆಸ್ಟ್ರೇಲಿಯದಲ್ಲೇ ಹುಟ್ಟಿದ ಹುಡುಗಿ, ಅಮ್ಮನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

"ಒಂದು ಪ್ಯಾಂಟು ಕೊಡಿಸ್ತೀಯೇನೇ?" ಎಂದಳು ಕನಕ.

ಗಗನಾ ಕಣ್ಣು ಪಿಳಿಪಿಳಿ ಮಾಡಿ, "ಫಾರ್ ಯು?" ಎಂದಳು.

"ಮತ್ತೆ? ನಿಮ್ಮಪ್ಪಂಗಾ?"

ರಂಡಲ್ ಮಾಲ್‌ನ ಅಂಗಡಿಯೊಂದರಲ್ಲಿ ಬಟ್ಟೆ ಹಾಕಿ ನೋಡುವ ಕೋಣೆಗೆ ಕನಕ ಮೊದಲ ಬಾರಿ ಹೊಕ್ಕಳು. ಸೀರೆಗೆ ಅಳತೆಯಿಲ್ಲ, ಹಾಗಾಗಿ ಇಂಥ ಕೋಣೆಯ ಅಗತ್ಯವೇ ಅವಳಿಗೆ ಬಿದ್ದಿರಲಿಲ್ಲ. ಅಡಿಯಿಂದ ಮುಡಿಯವರೆಗಿನ ಕನ್ನಡಿ. ಸೀರೆ ಮಡಚಿಟ್ಟು, ಗಗನಾ ಕೊಟ್ಟ ನೀಲಿ ಪ್ಯಾಂಟಿಗೆ ಕಾಲು ತೂರಿಸಿ, ಕೆಂಪು ಬೂಟು ಕಟ್ಟಿಕೊಂಡು ನಿಂತಳು. ಪ್ಯಾಂಟಿನ ಎರಡು ಅಂಚೂ ಒಂದೇ ಮಟ್ಟದಲ್ಲಿ ಇದ್ದವು, ಕೂದಲೆಳೆಯ ವ್ಯತ್ಯಾಸವಿಲ್ಲದೆ. ಆ ದಪ್ಪ ಅಟ್ಟೆ ಎಡಗಾಲನ್ನು ಎತ್ತಿ ಹಿಡಿದು ಬಲಗಾಲಿನ ಸಮಕ್ಕೆ ನಿಲ್ಲಿಸಿತ್ತು. ಇಷ್ಟು ವರ್ಷವೂ ಅದು ಹೀಗೇ ಎತ್ತಿ ಹಿಡಿದಿತ್ತು, ತಾನೇ ನೋಡಿರಲಿಲ್ಲ.

ಇನ್ನೊಂದು ವಿಚಿತ್ರವೂ ಆಯಿತು. ಎಡಗೈ ತನ್ನಷ್ಟಕ್ಕೆ ನೆರಿಗೆ ಹುಡುಕಿಕೊಂಡು ಹೋಯಿತು. ಹಿಡಿಯಲು ಏನೂ ಸಿಗಲಿಲ್ಲ. ಹೈಸ್ಕೂಲಿನಿಂದ ಇವತ್ತಿನವರೆಗೆ ಮೆಟ್ಟಿಲು, ಬಸ್ಸು, ಮಳೆ, ಎಲ್ಲದಕ್ಕೂ ಆ ಕೈಗೆ ಇದೊಂದೇ ಕೆಲಸ. ಇಂದು ಅದು ಕೆಲಸವಿಲ್ಲದೆ ಗಾಳಿಯಲ್ಲಿ ನಿಂತಿತ್ತು. ಕನಕ ಅದನ್ನು ಪ್ಯಾಂಟಿನ ಜೇಬಿನೊಳಗೆ ಇಳಿಬಿಟ್ಟಳು. ಜೇಬು ಆಳವಾಗಿತ್ತು. ಒಬ್ಬಳೇ ನಿಂತು ನಕ್ಕಳು.

"ಅಮ್ಮ? ಆರ್ ಯು ಓಕೆ ಇನ್ ದೇರ್?"

ಬಾಗಿಲು ತೆರೆದಳು. ಗಗನಾ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಬೂಟಿನ ಹತ್ತಿರ ಬಂದ ಕಣ್ಣು ಅಲ್ಲಿಂದ ಸರಿಯಲಿಲ್ಲ.

"ದೋಸ್ ಬೂಟ್ಸ್" ಎಂದಳು. "ಐ ವಾಂಟ್ ದೋಸ್ ಬೂಟ್ಸ್."

"ನಿಂಗೆ ಕೊಡಲ್ಲ ಹೋಗು. ನಂದು."

ಹಾಕಿಕೊಂಡ ಬಟ್ಟೆಯಲ್ಲೇ ಹೊರಬಿದ್ದರು. ಮೊದಲಿಗೆ ಕನಕಳಿಗೆ ಮೈಯೆಲ್ಲ ಕಣ್ಣು. ಎದುರು ಬಂದವರೆಲ್ಲ ಬೂಟನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಕೆಲವರು ನೋಡಿದ್ದೂ ಹೌದು. ಒಬ್ಬ ಮುದುಕಿಯಂತೂ ನಿಂತೇ ನೋಡಿದಳು. ಕನಕಳೂ ನಿಂತು ಅವಳನ್ನು ನೋಡಿದಳು. ಮುದುಕಿ ನಕ್ಕು ಮುಂದೆ ಹೋದಳು. ಆಕಾಶ ಬೀಳಲಿಲ್ಲ. ಬೂಟಿಗೂ ಪ್ಯಾಂಟಿನ ಅಂಚಿಗೂ ನಡುವಿನ ಕಾಲಿಗೆ ತಣ್ಣನೆ ಗಾಳಿ ತಾಕಿತು. ಗಾಳಿಗೆ ಆ ಜಾಗದ ಗುರುತೇ ಇರಲಿಲ್ಲವೇನೋ, ಮತ್ತೆ ಮತ್ತೆ ಬಂದು ಮುಟ್ಟುತ್ತಿತ್ತು.

ಸಮುದ್ರ ನೋಡಿ ಬರೋಣವೆಂದು ಟ್ರಾಮ್ ನಿಲ್ದಾಣದ ಕಡೆ ತಿರುಗಿದಾಗ ಟ್ರಾಮು ಆಗಲೇ ಬಂದು ನಿಂತಿತ್ತು. ಜನ ಹತ್ತುತ್ತಿದ್ದರು.

"ಇಟ್ಸ್ ಓಕೆ ಅಮ್ಮ, ನೆಕ್ಸ್ಟ್ ಒನ್" ಎಂದಳು ಗಗನಾ, ಎಂದಿನ ಅಭ್ಯಾಸದಿಂದ. ಅಮ್ಮನ ಜೊತೆಯಿದ್ದಾಗ ಅವರು ಹೊರಡಲಿರುವ ಟ್ರಾಮನ್ನೋ ಬಸ್ಸನ್ನೋ ಹಿಡಿದದ್ದೇ ಇಲ್ಲ. ಮುಂದಿನದಕ್ಕೆ ಕಾಯುವುದೇ ಪದ್ಧತಿ.

ಕನಕ ಓಡಿದಳು.

ಅದು ನೋಡಲು ಓಟದಂತೆ ಇರಲಿಲ್ಲ. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ, ಎರಡರ ನಡುವೆ ಮೈ ತಕ್ಕಡಿಯಂತೆ ತೂಗುತ್ತಿತ್ತು. ದಪ್ಪ ಅಟ್ಟೆ ಕಲ್ಲಿನ ಮೇಲೆ ಟಕ್ ಟಕ್ ಎಂದು ಸದ್ದು ಮಾಡುತ್ತಿತ್ತು. ಆದರೆ ಕಾಲಿಗೆ ತೊಡರುವ ಬಟ್ಟೆಯಿರಲಿಲ್ಲ, ಎರಡು ಕೈಯೂ ಬೀಸುತ್ತಿದ್ದವು, ಮತ್ತು ಅವಳು ಓಡುತ್ತಿದ್ದಳು. ಜನ ದಾರಿ ಬಿಟ್ಟರು. ಬಾಗಿಲು ಮುಚ್ಚುವ ಗಂಟೆ ಬಾರಿಸುತ್ತಿದ್ದಂತೆ ಕಂಬಿಗೆ ಕೈ ಹಾಕಿ, ಕೆಂಪು ಬೂಟನ್ನು ಮೊದಲು ಒಳಗಿಟ್ಟು, ಅದರ ಹಿಂದೆ ಮೈಯನ್ನೂ ಒಳಕ್ಕೆ ಎಳೆದುಕೊಂಡಳು. ಬಾಗಿಲು ಮುಚ್ಚಿತು. ಟ್ರಾಮು ಹೊರಟಿತು.

ಕಿಟಕಿಯಾಚೆ ಗಗನಾ ನಡುಬೀದಿಯಲ್ಲಿ ಬಾಯಿ ತೆರೆದು ನಿಂತಿದ್ದಳು. ಮರುಕ್ಷಣ ಫೋನು ಬಂತು.

"ಅಮ್ಮ! ಯು ರ್‍ಯಾನ್!"

"ಓಡಿದೆ ಕಣೇ! ನೀನ್ಯಾಕೆ ನಿಂತುಬಿಟ್ಟೆ?" ಕನಕ ಏದುಸಿರು ಬಿಡುತ್ತಿದ್ದಳು.

"ಐ ವಾಸ್ ವಾಚಿಂಗ್ ಯು." ಆಮೇಲೆ, ಅಪರೂಪಕ್ಕೆ, ಕನ್ನಡದಲ್ಲಿ ಹೇಳಿದಳು: "ನೋಡ್ತಾ ಇದ್ದೆ ಅಮ್ಮ."

"ನೋಡಿದ್ದು ಸಾಕು. ಮುಂದಿನ ಟ್ರಾಮಲ್ಲಿ ಬಾ. ನಾನು ಕೊನೇ ಸ್ಟಾಪಲ್ಲಿ ಸಿಗ್ತೀನಿ."

ಸೀಟು ಖಾಲಿಯಿದ್ದರೂ ಕೂರಲಿಲ್ಲ. ಕಂಬಿ ಹಿಡಿದು ನಿಂತೇ ದೇವಕಿಗೆ ಫೋನು ಹಚ್ಚಿದಳು.

"ಟಿಕೆಟ್ ಕ್ಯಾನ್ಸಲ್ ಮಾಡಿಸಿಬಿಟ್ಯಾ?"

"ಯಾರ್ ಮಾಡಿಸ್ತಾರೆ?" ದೇವಕಿಯ ನಗು ಪಕ್ಕದವರಿಗೂ ಕೇಳಿಸುವಂತಿತ್ತು. "ನಿಮ್ಮ ಸಿಟ್ಟಿನ ಆಯಸ್ಸು ನಂಗೆ ಗೊತ್ತಿಲ್ವಾ? ಏನು ಉಡ್ತೀರಾ, ಅದನ್ನ ಹೇಳಿ."

"ಪ್ಯಾಂಟು. ನೀಲಿದು. ಒಂದು ಸೀರೇನೂ ತರ್ತೀನಿ, ರಾತ್ರಿ ಊಟಕ್ಕೆ. ಆದ್ರೆ ಮೇಲಕ್ಕೆತ್ತಿ ಉಡ್ತೀನಿ, ಬೂಟು ಕಾಣೋ ಹಾಗೆ. ಅಷ್ಟು ಚಂದದ ಬೂಟು ಮುಚ್ಚಿಡೋಕಾಗತ್ತಾ?"

"ಯಾವ ಬೂಟು?"

"ಬಂದಾಗ ನೋಡುವೆಯಂತೆ."

ಫೋನನ್ನು ಜೇಬಿಗೆ ಇಳಿಸಿದಳು. ಎದೆ ಇನ್ನೂ ಡವಡವ ಹೊಡೆದುಕೊಳ್ಳುತ್ತಿತ್ತು. ಟ್ರಾಮು ಮನೆಗಳ ಹಿತ್ತಲುಗಳನ್ನು, ಬೇಲಿ ಮೇಲಿನ ಹೂಗಳನ್ನು ದಾಟಿ ಸಮುದ್ರದ ಕಡೆ ಓಡುತ್ತಿತ್ತು. ಕನಕಳಿಗೆ ಆ ಓಟ ಸ್ವಲ್ಪ ನಿಧಾನವೆನಿಸಿತು.