ಪ್ರಶ್ನೆಗೆ ಒಂದು ನಿಮಿಷ

ನಮ್ಮ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ತಿಂಗಳಿಗೊಂದು ಗುರುವಾರ ನ್ಯಾಯದ ಬಗ್ಗೆ ಮಾತಾಡುತ್ತಾರೆ. ಕುಡಿಯುವ ನೀರಿನ ನ್ಯಾಯ, ಮನೆಯಿಲ್ಲದವರ ನ್ಯಾಯ, ಜೈಲಿನಲ್ಲಿರುವವರ ನ್ಯಾಯ. ಹನ್ನೊಂದು ವರ್ಷದಲ್ಲಿ ನಾನು ಕೇಳದ ನ್ಯಾಯ ಉಳಿದಿಲ್ಲ. ಸಾರ್ವಜನಿಕರಿಗೆ ಮುಕ್ತ ಪ್ರವೇಶ, ಕೊನೆಗೆ ಚಹಾ. ಸಭಾಂಗಣದ ಹಿಂಬದಿಯ ಗಾಜಿನ ಗೂಡಿನಲ್ಲಿ ಕೂತು ಮೈಕು ನೋಡಿಕೊಳ್ಳುವವನು ನಾನು. ಹೆಸರು ಹಿಡಿದು ಕರೆಯುವವರಿಲ್ಲ, ಎಲ್ಲರಿಗೂ ನಾನು ‘ಸೌಂಡು’. ‘ಸೌಂಡು ಬಂದ್ನಾ?’ ‘ಸೌಂಡಿಗೆ ಚಹಾ ಕೊಟ್ರಾ?’ ಇಷ್ಟು ವರ್ಷ ಕೂತರೂ ಒಂದು ಭಾಷಣವೂ ತಲೆಗೆ ಹತ್ತಿಲ್ಲ. ನನಗೆ ಬೇಕಾದದ್ದು ಮಾತಲ್ಲ, ಅದರ ಸದ್ದು. ಮಾತಾಡುವವರ ಮುಖವನ್ನೂ ನಾನು ನೋಡುವುದಿಲ್ಲ. ಸದ್ದು ತೋರಿಸುವ ಮುಳ್ಳು ನೋಡುತ್ತೇನೆ, ಆಗಾಗ ಪ್ರೊಫೆಸರರ ಕನ್ನಡಕ ನೋಡುತ್ತೇನೆ.

ಕನ್ನಡಕದ ವಿಷಯ ಹೇಳಬೇಕು. ಭಾಷಣ ಮುಗಿದ ಮೇಲೆ ಸಭಿಕರಿಗೆ ಪ್ರಶ್ನೆ ಕೇಳುವ ಅವಕಾಶ, ತಲೆಗೆ ಒಂದು ನಿಮಿಷ. ಸಭೆ ನಡೆಸುವ ಪ್ರೊಫೆಸರು ಬಹಳ ಸಭ್ಯರು, ‘ಸಾಕು, ಕೂತ್ಕೊಳ್ಳಿ’ ಅಂತ ಯಾರಿಗೂ ಅಂದವರಲ್ಲ. ಬೇಡದ ಮಾತು ಬಂತೆಂದರೆ ಕನ್ನಡಕ ತೆಗೆದು ಒರೆಸುತ್ತಾರೆ. ಅದು ನನಗೆ ಸನ್ನೆ. ಆಗ ನಾನು ಆ ಮೈಕಿನ ಗುಂಡಿಯನ್ನು ಕೆಳಕ್ಕೆ ಜಾರಿಸಬೇಕು. ಟಕ್ಕಂತ ಆರಿಸಿದರೆ ಗಲಾಟೆಯಾಗುತ್ತದೆ. ಒಂದು, ಎರಡು, ಮೂರು ಎಣಿಸುತ್ತ ಇಳಿಸಿದರೆ ಕೇಳುವವನಿಗೆ ತನ್ನ ಗಂಟಲೇ ಸೋತಿತು ಅನ್ನಿಸಿ ತಾನಾಗಿ ಕೂರುತ್ತಾನೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಇದರಲ್ಲಿ ನಿನ್ನನ್ನು ಮೀರಿಸುವವರಿಲ್ಲ ಅಂತ ಪ್ರೊಫೆಸರು ಒಮ್ಮೆ ಬೆನ್ನು ತಟ್ಟಿದ್ದರು. ನಾನೂ ಹಲ್ಲು ಕಿರಿದಿದ್ದೆ, ಥೂ.

ನನ್ನ ಅಕ್ಕ ಅದೇ ಕ್ಯಾಂಪಸ್ಸಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯುತ್ತಾಳೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು, ಅವರಿವರ ಕೈಕಾಲು ಹಿಡಿದು ನನಗೆ ಈ ಕೆಲಸ ಕೊಡಿಸಿದವಳೂ ಅವಳೇ. ಹುಡುಗರು ಏನೇನೋ ಕುದಿಸಿ, ಕಲಸಿ ಬಿಟ್ಟುಹೋದದ್ದನ್ನೆಲ್ಲ ಅವಳು ಹತ್ತೊಂಬತ್ತು ವರ್ಷದಿಂದ ಉಜ್ಜುತ್ತಿದ್ದಾಳೆ, ಈಗ ಜೊತೆಗೆ ಇನ್ನೈದು ಹೆಂಗಸರಿದ್ದಾರೆ. ಗುತ್ತಿಗೆಯ ಕೆಲಸ. ಕಳೆದ ವರ್ಷದಿಂದ ಅವಳ ಬೆರಳ ತುದಿಗಳಿಗೆ ಏನೂ ತಿಳಿಯುವುದಿಲ್ಲ. ಬಿಸಿ ಪಾತ್ರೆ ಹಿಡಿದರೆ ಚರ್ಮ ಸುಟ್ಟ ವಾಸನೆ ಬಂದ ಮೇಲೇ ಗೊತ್ತಾಗುವುದು. ಉಳಿದವರಲ್ಲಿ ಮೂವರಿಗೂ ಇದೇ ಪಾಡು. ಕ್ಯಾಂಪಸ್ಸಿನ ಡಾಕ್ಟರು ‘ವಯಸ್ಸಾಯ್ತಲ್ಲಮ್ಮ’ ಅಂದು ಕಳಿಸಿದರು. ಆ ಮೂವರಲ್ಲಿ ಒಬ್ಬಳಿಗೆ ಇಪ್ಪತ್ತಾರು.

ಅಕ್ಕನ ಕೈಯಿಂದ ಎರಡು ಫ್ಲಾಸ್ಕು ಜಾರಿ ಒಡೆದವು. ಬರುವ ಸೋಮವಾರದಿಂದ ಬರಬೇಡ ಅಂದ ಗುತ್ತಿಗೆದಾರ. ಬೆರಳಿನ ಬಗ್ಗೆ ಅದಕ್ಕೂ ಮುಂಚೆಯೇ ರಿಜಿಸ್ಟ್ರಾರರ ಕಚೇರಿಗೆ ನಾಲ್ಕು ಅರ್ಜಿ ಕೊಟ್ಟದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅಷ್ಟರಲ್ಲಿ ಗೋಡೆ ತುಂಬ ಈ ತಿಂಗಳ ಪೋಸ್ಟರು ಬಿತ್ತು: ‘ದುಡಿಯುವ ಕೈಗಳ ಘನತೆ’. ಅಧ್ಯಕ್ಷತೆ ರಿಜಿಸ್ಟ್ರಾರರದು.

“ಅಲ್ಲಿ ಎದ್ದು ಕೇಳಿದ್ರೆ ಉತ್ತರ ಕೊಡ್ಲೇಬೇಕು ಅಲ್ವೇನೋ?” ಅಂದಳು ಅಕ್ಕ, ಅಡುಗೆಮನೆಯಲ್ಲಿ.

“ಕೊಡ್ಲೇಬೇಕು. ಎಲ್ಲಾ ರೆಕಾರ್ಡ್ ಆಗುತ್ತೆ, ಪತ್ರಿಕೆಯೋರೂ ಬರ್ತಾರೆ. ಬಾಯಿ ಬಿಟ್ಟು ಆಗಲ್ಲ ಅನ್ನೋಕೆ ಅವ್ರಿಗೂ ಮುಖ ಬೇಕಲ್ಲ.”

ಅವಳು ಸೌಟು ಹಿಡಿದು ನನ್ನೆದುರು ಮೂರು ಸಲ ಒಪ್ಪಿಸಿದಳು. ನಾನು ಗಡಿಯಾರ ನೋಡಿದೆ. ಒಂದು ನಿಮಿಷ ನಲವತ್ತು ಸೆಕೆಂಡು.

“ಉದ್ದ ಆಯ್ತಕ್ಕ.”

“ಹತ್ತೊಂಬತ್ತು ವರ್ಷನ ಒಂದ್ ನಿಮಿಷದೊಳಗೆ ಹೆಂಗೆ ತುರುಕ್ಲೋ? ನಿನ್ ತಲೆ!”

“ಹೋಗ್ಲಿ ಬಿಡು. ಮೈಕು ನನ್ನ ಕೈಲೇ ಇರುತ್ತಲ್ಲ.”

“ಅದೂ ಸರಿ. ನನ್ ತಮ್ಮನೇ ಅಲ್ವಾ ಅಲ್ಲಿ ಕೂತಿರೋನು,” ಅಂತ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಗುರುವಾರ ಸಭಾಂಗಣ ತುಂಬಿತ್ತು. ಹೊರಗಿನಿಂದ ಬಂದ ಭಾಷಣಕಾರ ನಲವತ್ತು ನಿಮಿಷ ಮಾತಾಡಿದರು, ಚಪ್ಪಾಳೆ ಬಿತ್ತು. ಒಬ್ಬ ವಿದ್ಯಾರ್ಥಿ ಪ್ರಶ್ನೆ ಕೇಳಿದ. ಒಬ್ಬ ನಿವೃತ್ತರು ಪ್ರಶ್ನೆ ಕೇಳುತ್ತೇನೆಂದು ಎದ್ದು ತಮ್ಮದೇ ಭಾಷಣ ಮಾಡಿದರು. ಆಮೇಲೆ ಬಲಗಡೆ ಗೋಡೆಗುಂಟ ಹಾಕಿದ ಅಡ್ಡಸಾಲಿನ ತುದಿಯಲ್ಲಿ, ವೇದಿಕೆಯೂ ನನ್ನ ಗೂಡೂ ಎರಡೂ ಕಾಣುವ ಕಡೆ, ಅಕ್ಕ ಎದ್ದಳು. ಇಸ್ತ್ರಿ ಮಾಡಿದ ಬಟ್ಟೆ. ಬೆರಳನ್ನು ನಂಬದೆ ಮೈಕನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು. ದನಿ ಸಣ್ಣದಿತ್ತು, ಗುಂಡಿ ಸ್ವಲ್ಪ ಏರಿಸಿದೆ. ಮುಳ್ಳು ಸರಿಯಾದ ಜಾಗಕ್ಕೆ ಬಂತು. ಅಲ್ಲಿಂದ ಮುಂದೆ ನನಗೆ ಅದು ಅಕ್ಕ ಅಲ್ಲ, ಒಂದು ಸದ್ದು. ಇದಕ್ಕಿಂತ ಸರಿಯಾಗಿ ಹೇಳಲು ನನಗೆ ಬರುವುದಿಲ್ಲ.

ಕೆಲಸ ಏನೆಂದು ಹೇಳಿದಳು, ಬೆರಳಿನದು ಹೇಳಿದಳು, ಇಪ್ಪತ್ತಾರರ ಹುಡುಗಿಯದು ಹೇಳಿದಳು. “ನಾವು ಬೇರೆ ಏನೂ ಕೇಳ್ತಿಲ್ಲ. ಹೊರಗಿನ ಡಾಕ್ಟರ ಹತ್ರ ನಮ್ಮ ಆರೂ ಜನಕ್ಕೆ...” ಅನ್ನುವಾಗ ಪ್ರೊಫೆಸರು ಕನ್ನಡಕ ತೆಗೆದರು.

ಒಂದು, ಎರಡು, ಮೂರು. ಗುಂಡಿ ಕೆಳಗಿತ್ತು.

ಮುಂದಿನ ಸಾಲಿನವರು ಕಿವಿಗೆ ಕೈ ಹಚ್ಚಿ ತಿರುಗಿದಾಗ ನನಗೆ ಗೊತ್ತಾಯಿತು. ಅಯ್ಯೋ, ನನ್ನ ಬೆರಳು ಇನ್ನೂ ಆ ಗುಂಡಿಯ ಮೇಲೇ ಇತ್ತು. ಮೇಲಕ್ಕೆ ತಳ್ಳಬೇಕಾದದ್ದು ಒಂದು ಗೇಣೂ ಇಲ್ಲ, ನಾಲ್ಕು ಬೆರಳಷ್ಟು. ವೇದಿಕೆಯ ಮೇಲಿನಿಂದ ರಿಜಿಸ್ಟ್ರಾರರು ನೇರ ನನ್ನ ಗೂಡಿನ ಕಡೆ ನೋಡುತ್ತಿದ್ದರು. ನನ್ನ ಕೆಲಸ ಕಾಯಂ ಮಾಡುವ ಕಡತ ಎರಡು ತಿಂಗಳಿಂದ ಅವರ ಮೇಜಿನ ಮೇಲಿದೆ. ಅದರ ಬಣ್ಣ ಹಸಿರು. ಹನ್ನೊಂದು ವರ್ಷ ಕಾದಿದ್ದೆ. ಒಂದು ರುಜು ಬಾಕಿ.

ಮೇಲಕ್ಕೆ ತಳ್ಳಲಿಲ್ಲ.

“ಬಹಳ ಮುಖ್ಯವಾದ ಅನುಭವ ಹಂಚಿಕೊಂಡಿದ್ದೀರಿ, ಧನ್ಯವಾದಗಳು,” ಅಂದರು ಪ್ರೊಫೆಸರು, ಕನ್ನಡಕ ಹಾಕಿಕೊಳ್ಳುತ್ತ. ಜನ ಚಪ್ಪಾಳೆ ತಟ್ಟಿದರು. ಕೆಲವರು ಎದ್ದು ನಿಂತೂ ತಟ್ಟಿದರು. ಅಕ್ಕ ಮೈಕು ವಾಪಸು ಕೊಟ್ಟು ಕೂತಳು. ಅವಳು ಏನು ಕೇಳಿದಳೆಂದು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಯಾರೂ ಉತ್ತರ ಕೊಡಬೇಕಾಗಲಿಲ್ಲ. ಮುಂದಿನ ಪ್ರಶ್ನೆ ಪಾರ್ಕಿಂಗ್ ಬಗ್ಗೆ ಬಂತು.

ನನಗೆ ಏನಾದರೂ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ವೈರು ಸುತ್ತಿದೆ, ಮೈಕುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿದೆ, ಬೀಗ ಹಾಕಿ ಕೀಲಿ ಕಚೇರಿಗೆ ಕೊಟ್ಟೆ. ಯಾರೋ ಕೈಗಿತ್ತ ಚಹಾ ಕುಡಿದೆ. ಸಕ್ಕರೆ ಇತ್ತೋ ಇಲ್ಲವೋ ನೆನಪಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಹೇಳಬೇಕಾದ ಮಾತು ಹೊಂದಿಸಿಕೊಂಡೆ. ಅದು ಚೆನ್ನಾಗಿ ಹೊಂದಿತು.

ಮನೆಯಲ್ಲಿ ಅಕ್ಕ ಆಗಲೇ ತಟ್ಟೆ ಹಾಕಿದ್ದಳು.

“ಅಕ್ಕ, ನನ್ನಾಣೆಗೂ ಬೇಕಂತ ಮಾಡಿದ್ದಲ್ಲ. ಅವ್ರು ಕನ್ನಡಕ ತೆಗೆದ್ರು, ಕೈ ತಾನೇ ಹೋಯ್ತು. ಹನ್ನೊಂದು ವರ್ಷದ ಅಭ್ಯಾಸ.”

“ಗೊತ್ತು. ನೋಡ್ದೆ.”

“ಏನ್ ನೋಡ್ದೆ?”

“ಸ್ಟೇಜ್ ನೋಡಿದ್ರೆ ಬಾಯಿ ಒಣಗುತ್ತೆ ಅಂತ ಮೊದ್ಲಿಂದ ನಿನ್ ಗೂಡನ್ನೇ ನೋಡ್ಕೊಂಡು ಮಾತಾಡ್ದೆ ಕಣೋ. ಅದಕ್ಕೇ ಆ ತುದಿ ಸೀಟು ಹಿಡಿದಿದ್ದು. ಮಾತು ಶುರುವಾದ್ಮೇಲೆ ನೀನು ನನ್ ಕಡೆ ನೋಡ್ಲೇ ಇಲ್ಲ.” ಅವಳು ಬಡಿಸುತ್ತಲೇ ಇದ್ದಳು, ದನಿ ಏರಲಿಲ್ಲ. “ಕೈ ಇಳಿದಿದ್ದು ಅಭ್ಯಾಸ ಇರ್ಬಹುದು, ಇಲ್ಲ ಅನ್ನಲ್ಲ. ಆಮೇಲೆ ನೀನು ಯೋಚ್ನೆ ಮಾಡ್ದೆ. ಅದನ್ನೂ ನೋಡ್ದೆ.”

ಬಸ್ಸಿನಲ್ಲಿ ಹೊಂದಿಸಿಕೊಂಡ ಮಾತು ಇನ್ನೂ ಅರ್ಧ ಬಾಕಿಯಿತ್ತು.

“ಊಟ ಮಾಡು, ಆರಿಹೋಗುತ್ತೆ,” ಅಂದಳು.

ಊಟ ಮಾಡಿದೆ.

ಸೋಮವಾರ ಅವಳು ಕೆಲಸಕ್ಕೆ ಹೋಗಲಿಲ್ಲ. ನಾನು ಹೋದೆ.