ಹಿಂದಿನ ಸೀಟಿನ ಸಾಹುಕಾರ

ಬಸವಲಿಂಗ ಯಾವ ಯಂತ್ರದ ಬಳಿ ಹೋದರೂ ಮೊದಲು ಮೂಗನ್ನು ಕಳಿಸುತ್ತಿದ್ದ. ಕಣ್ಣು, ಕೈ ಆಮೇಲೆ ಹೋಗುತ್ತಿದ್ದವು. ಮಾನ್ವಿಯ ತನ್ನ ಅಕ್ಕಿ ಮಿಲ್ಲಿನಲ್ಲಿ, ಭತ್ತ ಬೇಯಿಸುವ ಬಾಯ್ಲರಿಗೆ ಹೊಟ್ಟು ಹೆಚ್ಚಾಯಿತೋ ಗಾಳಿ ಕಡಿಮೆಯಾಯಿತೋ ಎಂಬುದನ್ನು ಚಿಮಣಿಯ ಕಡೆ ಕತ್ತೆತ್ತದೆ, ಕುರ್ಚಿಯಲ್ಲಿ ಕೂತಲ್ಲಿಂದಲೇ ಹೇಳಿಬಿಡುತ್ತಿದ್ದ. ನಡೆಯುವಾಗ ಪಾದ ಎತ್ತುತ್ತಿರಲಿಲ್ಲ. ಬೆಂದ ಭತ್ತವನ್ನು ಅಂಗಳದಲ್ಲಿ ಹರವಿ ಕಾಲಿನಿಂದ ಸಾಲೆಳೆದು ಬೆಳೆದವನಾದ್ದರಿಂದ, ರಾಯಚೂರಿನ ಡಾಂಬರು ರಸ್ತೆಯಲ್ಲೂ ಅವನದು ಭತ್ತ ಒಣಗಿಸುವ ನಡಿಗೆಯೇ. ಬೇಸಿಗೆಯಲ್ಲೂ ಬಿಡದ ಖಾಕಿ ಜಾಕೀಟು. ಅದರ ಜೇಬಿಗೆ ಕೈ ಹಾಕಿದರೆ ಬೆರಳಿಗೆ ಹೊಟ್ಟು ಹತ್ತುತ್ತಿತ್ತು. ಯಾರು ಏನೇ ಹೇಳಲಿ, ಅವನ ಮಾತು "ಹಂಗಲ್ಲದು" ಎಂದೇ ಶುರುವಾಗುತ್ತಿತ್ತು. ಒಪ್ಪಿಕೊಳ್ಳುವುದಿದ್ದರೂ ಮೊದಲು "ಹಂಗಲ್ಲದು" ಎಂದು ತಲೆ ಅಲ್ಲಾಡಿಸಿ, ಆಮೇಲೆ ನಾವು ಹೇಳಿದ್ದನ್ನೇ ತಾನು ಕಂಡುಹಿಡಿದಂತೆ ನಮಗೇ ತಿರುಗಿ ಹೇಳುತ್ತಿದ್ದ.

ಈ ಮಾಘದಲ್ಲಿ ನನ್ನ ಈ ಗೆಳೆಯ ತೀರಿಕೊಂಡ. ಎದೆ ಹಿಡಿದುಕೊಂಡು ಮಿಲ್ಲಿನ ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು. ಅವನ ಬೈಕಿನ ಬಗ್ಗೆ ಬರೆಯಬಲ್ಲೆ.

ಸೋಮವಾರ ಮಿಲ್ಲಿಗೆ ರಜೆ. ಅಂದು ಅವನೂ ಹೆಂಡತಿ ಉಮಾದೇವಿಯೂ ಬೈಕಿನಲ್ಲಿ ಸಿರವಾರ, ದೇವದುರ್ಗ ದಾಟಿ ಜಾಲಹಳ್ಳಿಯ ಅವಳ ತವರಿಗೆ ಹೋಗಿಬರುವುದು ಮದುವೆಯಾದ ಹೊಸದರಿಂದ ನಡೆದುಬಂದ ಪದ್ಧತಿ. ಅವರ ಮನೆ ಮಿಲ್ಲಿನ ಗೋಡೆಗೇ ಅಂಟಿಕೊಂಡಿತ್ತು. ಉಳಿದ ದಿನಗಳಲ್ಲಿ ಯಂತ್ರದ ಸದ್ದಿನ ಮೇಲೆ ಕೂಗಿ ಆಡಿದ್ದೇ ಮಾತು. ಅದರ ನಡುವೆ ಹಮಾಲರು, ದಲಾಲರು, ಬಾಗಲವಾಡದ ಕಡೆಯಿಂದ ಭತ್ತ ತಂದ ರೈತರು. ಗಂಡ ಹೆಂಡತಿ ದನಿ ತಗ್ಗಿಸಿ ಮಾತಾಡುತ್ತಿದ್ದುದು ಆ ದಾರಿಯಲ್ಲಿ ಮಾತ್ರ.

ಬೈಕಿನ ಸೈಲೆನ್ಸರು ತುಕ್ಕು ಹಿಡಿದು ತೂತಾದಾಗ ಅವನು ಗತ್ತಿನ ಸದ್ದಿನದೊಂದು ಹೊಸದನ್ನು ಹಾಕಿಸಿದ. ಅಲ್ಲಿಂದ ತೊಂದರೆ ಶುರು. ಎಂಜಿನ್ನಿನ ಕಾವು ಹಿಂದೆ ಕೂತವಳ ಕಣಕಾಲನ್ನು ಸುಡುತ್ತಿತ್ತು; ವೇಗ ಇಳಿಸಿದರೆ ಪಟಪಟ ಸಿಡಿತ; ನಿಧಾನ ಹೋದರೆ ಜಗ್ಗಾಟ. ಒಂದು ಸೋಮವಾರ ಉಮಾದೇವಿ ದೇವದುರ್ಗದ ಬಸ್ ನಿಲ್ದಾಣದ ಎದುರು ಇಳಿದೇಬಿಟ್ಟಳು.

"ಇದು ಗಾಡಿ ಅಲ್ರೀ, ಒಲಿ. ನಾ ಬಸ್ಸಿಗೆ ಬರ್ತೀನಿ, ನೀವು ಪಟಾಕಿ ಹೊಡಕೋಂತ ಬರ್ರಿ."

ಅಂದಿನಿಂದ ಅವಳು ಬಸ್ಸಿನಲ್ಲಿ, ಇವನು ಬಸ್ಸಿನ ಹಿಂದೆ ಬೈಕಿನಲ್ಲಿ. "ಯಕ್ಕಾ, ಆ ಸಾವುಕಾರ್ರು ನಮ್ಮ ಬಸ್ಸಿಗೆ ಕಾವಲು ಬರಾಕತ್ತಾರೇನು?" ಎಂದು ಕಂಡಕ್ಟರ್ ಅವಳನ್ನೇ ಕೇಳಿದನಂತೆ.

ರಾಯಚೂರಿನಲ್ಲಿ ಬೈಕಿನ ಸಾಮಾನುಗಳ ಅಂಗಡಿಯಿಟ್ಟ ಸಮೀಉಲ್ಲಾ ರೋಗವನ್ನು ಬೇಗ ಹಿಡಿದ. ಹೊಸ ಸೈಲೆನ್ಸರು ಸಲೀಸಾಗಿ ಉಸಿರಾಡುತ್ತದೆ. ಬೈಕಿನ ಕಂಪ್ಯೂಟರು ಮಾತ್ರ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಅಳೆದುಕೊಡುತ್ತಿದೆ; ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲದೆ ಎಂಜಿನ್ನು ಕಾಯುತ್ತಿದೆ. ಸೀಟಿನ ಕೆಳಗೆ ಫ್ಯೂಯಲ್ ಟ್ಯೂನರ್ ಎಂಬ ಡಬ್ಬಿ ಕೂರಿಸಿ ಪೆಟ್ರೋಲ್ ಹೆಚ್ಚಿಸಿದರೆ ಬೈಕು ತಂಪಾಗುತ್ತದೆ.

"ಹಂಗಲ್ಲದು," ಎಂದ ಬಸವಲಿಂಗ. "ಗಾಡಿ ಸುಡಾಕತ್ತದ ಅಂದ್ರ ಉರಿಗೆ ಇನ್ನಷ್ಟು ಹಾಕು ಅಂತೀಯಲ್ಲೋ ಸಮೀ! ಹೊಗಿ ನೋಡು, ಒಂದೆಳಿ ಅದ ಏನು? ಉರಿ ಶುದ್ಧ ಅದ."

"ಸಾವ್ಕಾರ್, ಇದು ನಿಮ್ಮ ಹೊಟ್ಟಿನ ಬಾಯ್ಲರ್ ಅಲ್ರೀ. ಹೊಗಿ ಇಲ್ಲದ್ದೇ ಇದರ ಬೀಮಾರಿ."

ಜೀವಮಾನವೆಲ್ಲ ಕಪ್ಪು ಹೊಗೆ ಕಂಡೊಡನೆ ಹೊಟ್ಟು ಕಡಿಮೆ ಮಾಡಿಸಿದವನು ಇದನ್ನು ನಂಬುವುದು ಹೇಗೆ? ಪರೀಕ್ಷೆಗೆಂದು ಕೂರಿಸಿದ ಡಬ್ಬಿಯಲ್ಲಿ ಹಟ ಹಿಡಿದು ಪೆಟ್ರೋಲ್ ಇನ್ನೂ ಕಡಿಮೆ ಮಾಡಿಸಿಕೊಂಡು ಹೊರಟ. ಊರು ದಾಟುವುದರೊಳಗೆ ಬೈಕು ನಿಂತಿತು. ಕಮರಿದ ಪ್ಯಾಂಟಿನ ವಾಸನೆಯೊಂದಿಗೆ ಅದನ್ನು ತಳ್ಳಿಕೊಂಡು ಮರಳಿ ಬಂದು, ಅಂಗಡಿಯ ಮೆಟ್ಟಿಲ ಮೇಲೆ ಕೂತು ನೀರು ಕುಡಿದು, ಗಂಭೀರವಾಗಿ ಹೇಳಿದ: "ಹಂಗಲ್ಲದು ಸಮೀ. ಇದಕ್ಕ ಪೆಟ್ರೋಲ್ ಕಮ್ಮಿ ಬೀಳಾಕತ್ತದ."

ಸಮೀಉಲ್ಲಾ ನಗಲಿಲ್ಲ. ಅದು ಅವನ ದೊಡ್ಡತನ.

ಆಮೇಲೆ ಆಯ್ಕೆಯ ಪ್ರಶ್ನೆ. ಒಂದು ಡಬ್ಬಿ ಎಲ್ಲ ವೇಗಕ್ಕೂ ಒಂದೇ ಸಮ ಪೆಟ್ರೋಲ್ ಏರಿಸುವಂಥದು. ಸಮೀಉಲ್ಲಾನ ಮೆಚ್ಚಿನದು ಪೂರ್ತಿ ವೇಗದಲ್ಲಿ ಬೈಕನ್ನು ಬಾಣದಂತೆ ಬಿಡುವಂಥದು. ಮೂರನೆಯದರಲ್ಲಿ ನಿಧಾನಕ್ಕೆ ಎಷ್ಟು, ಓಟಕ್ಕೆ ಎಷ್ಟು ಎಂದು ಮೊಬೈಲಿನಿಂದ ಬೇರೆ ಬೇರೆಯಾಗಿ ಹೊಂದಿಸಬಹುದಿತ್ತು. ಎಲ್ಲರೂ ಇವನ್ನು ಹ್ಯಾಂಡಲ್ ಹಿಡಿದು ಪರೀಕ್ಷಿಸುತ್ತಾರೆ. ಬಸವಲಿಂಗ ಬೀಗದ ಕೈಯನ್ನು ಜೊತೆಗೆ ಬಂದಿದ್ದ ನನ್ನ ಕೈಗಿಟ್ಟ.

"ಲೇ ಅಂಬರೀಶ, ನೀ ಹೊಡಿ. ನಾ ಹಿಂದ ಕೂಡ್ತೀನಿ."

ಕೂತದ್ದಾದರೂ ಹೇಗೆ? ಉಮಾದೇವಿ ಸೀರೆಯಲ್ಲಿ ಕೂರುವಂತೆ, ಎರಡೂ ಕಾಲು ಒಂದೇ ಬದಿಗೆ ಹಾಕಿ, ಪ್ಯಾಂಟನ್ನು ಮಂಡಿಗೆ ಮಡಚಿ, ನನ್ನ ಹೆಗಲ ಮೇಲೊಂದು ಕೈಯಿಟ್ಟು. ಖಾಕಿ ಜಾಕೀಟಿನ ಆ ದೊಡ್ಡ ಆಳನ್ನು ಹೊತ್ತು ನಾನು ರಾಯಚೂರಿನ ಬೀದಿಯಲ್ಲಿ ಹೊರಟಾಗ ಚಹಾದಂಗಡಿಯವನೊಬ್ಬ ಕೂಗಿದ: "ತವರಿಗೇನ್ರೀ ಸಾವುಕಾರ್ರ?"

"ಹೌದಪಾ, ಪಂಚಮಿ ಬಂತು!" ಎಂದ ಬಸವಲಿಂಗ, ಕಣ್ಣನ್ನು ತನ್ನ ಕಣಕಾಲಿನಿಂದ ತೆಗೆಯದೆ.

ಒಂದೊಂದು ಡಬ್ಬಿಯನ್ನೂ ಹೀಗೇ ನೋಡಿದ. ಬಾಣದಂಥದನ್ನು ತೆಗೆಸಿಬಿಟ್ಟ. "ಮುಂದ ಕುಂತಾವಗ ಚೊಲೋ ಅದ. ಹಿಂದ ಕುಂತಾಕಿ ನಡ ಮುರೀತದ." ಮೂರನೆಯದನ್ನು ಆರಿಸಿ, ನಿಧಾನದ ವೇಗಗಳನ್ನು ಮಾತ್ರ ಮತ್ತೆ ಮತ್ತೆ ತಿದ್ದಿಸಿ, ಪೂರ್ತಿ ವೇಗವನ್ನು ಮುಟ್ಟಬೇಡ ಎಂದ. ಸಮೀಉಲ್ಲಾನಿಗೆ ಬೇಸರವಾಯಿತು.

"ಇಂಥಾ ಗಾಡಿಗೆ ಎಮ್ಮಿ ನಡಿಗಿ ಕೊಡಸ್ತೀರೇನ್ರೀ?"

"ಎಮ್ಮಿ ಮ್ಯಾಲಿಂದ ಬಿದ್ದು ಕೈ ಮುರಕೊಂಡವರನ್ನ ನಾ ನೋಡಿಲ್ಲೋ."

ಮುಂದಿನ ಸೋಮವಾರ ಅವನು ಮನೆಯಲ್ಲಿ ಡಬ್ಬಿಯ ಸುದ್ದಿ ಎತ್ತಲಿಲ್ಲ; ಸೀಟು ಒರೆಸಿ ನಿಂತ. ಅವನು ತೀರಿಕೊಂಡ ಮೇಲೆ ಉಮಾದೇವಿಯೇ ಆ ದಿನದ ಬಗ್ಗೆ ನನಗೆ ಹೇಳಿದಳು. "ಸಿರವಾರದ ತನಕ ನೋಡ್ತೀನಿ, ಸುಟ್ರ ಅಲ್ಲೇ ಇಳೀತೀನಿ ಅಂದಿದ್ದೆ ಅಣ್ಣಾ. ಮಾತಿನಾಗ ಸಿರವಾರ ಯಾವಾಗ ಹೋತೋ ತಿಳೀಲಿಲ್ಲ." ಏನು ಮಾತು ಎಂದು ನಾನು ಕೇಳಲಿಲ್ಲ. ಆಮೇಲೆ ಅವರಿಗೆ ಸಿಕ್ಕ ಸೋಮವಾರಗಳು ಬಹಳವಲ್ಲ. ಸಿಕ್ಕವನ್ನು ಅವರು ಬಿಡಲಿಲ್ಲ.

ಇಂಥವರನ್ನು ನಾವು ಹಟಮಾರಿಗಳೆಂದು ನಗುತ್ತೇವೆ. ಅವರು ಬುದ್ಧಿ ಹೇಳಿಸಿಕೊಳ್ಳುವವರಲ್ಲ, ಸುಟ್ಟುಕೊಂಡೇ ಕಲಿಯುವವರು. ಮನೆಯವರೊಡನೆ ನಯವಾದ ಎರಡು ಮಾತು ಆಡಲು ಬಾರದವರು. ಆದರೆ ತಮ್ಮವರಿಗೆ ಎಲ್ಲಿ ನೋಯುತ್ತದೆಂದು ತಿಳಿಯಬೇಕಾದಾಗ ಅವರು ಊಹೆಯನ್ನು ನೆಚ್ಚುವುದಿಲ್ಲ. ಊರು ನಕ್ಕರೂ ಸರಿ, ತಮ್ಮವರು ಕೂರುವ ಜಾಗದಲ್ಲಿ ತಾವೇ ಹೋಗಿ ಕೂತು, ಆ ನೋವನ್ನು ತಮ್ಮ ಮೈಯಲ್ಲಿ ಕಂಡು, ಅದು ಹೋಗುವ ತನಕ ಅಲ್ಲಿಂದ ಏಳುವುದಿಲ್ಲ.